ಸೀರೆ ಉಡಿಸುವ ಮೊದಲು ವೀಲುನಾಮ

ಈ ಕೆಲಸಕ್ಕೆ ನಾನು ತೆಗೆದುಕೊಂಡ ಫೀ ಇನ್ನೂರು ರೂಪಾಯಿ. ಕಳೆದುಕೊಂಡದ್ದು ಕುರುಗೋಡಿನಲ್ಲಿ ನನಗಿದ್ದ ಹೆಸರು. ನಾನು ಹುಟ್ಟಿ ಬೆಳೆದ ಊರಲ್ಲಿ ಇವತ್ತಿಗೂ ನನ್ನನ್ನು ‘ಉಡಿಕೆ ಕೆಡಿಸಿದ ವಕೀಲ’ ಅನ್ನುವವರಿದ್ದಾರೆ. ಆ ವರ್ಷ ಅಲ್ಲಿನ ಮೂರು ಮನೆತನದವರು ತಮ್ಮ ಕೇಸಿನ ಕಟ್ಟುಗಳನ್ನು ನನ್ನಿಂದ ಕಿತ್ತುಕೊಂಡು ಬೇರೆ ವಕೀಲರಿಗೆ ಕೊಟ್ಟರು. ಗಂಡ ಸತ್ತ ಹೆಣ್ಣುಮಗಳಿಗೆ ಹೊಸ ಸೀರೆ ಉಡಿಸಿ ಮತ್ತೊಂದು ಮದುವೆ ಮಾಡುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ಅದನ್ನೇ ಉಡಿಕೆ ಅನ್ನುತ್ತಾರೆ. ಅಂಥ ಕೆಲಸಕ್ಕೆ ಅಡ್ಡ ನಿಂತವನನ್ನು ಜನ ಬಿಟ್ಟಾರೆಯೇ? ಅಡ್ಡ ನಿಂತದ್ದು ನಿಜ. ಯಾಕೆ ನಿಂತೆ ಅನ್ನುವುದನ್ನು ಆಗ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಈಗ ಹೇಳುತ್ತೇನೆ. ಸಿಟ್ಟು ಇನ್ನೂ ಆರಿಲ್ಲ, ಮಾತು ಒರಟಾದರೆ ಓದುವವರು ಸಹಿಸಿಕೊಳ್ಳಬೇಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಳ್ಳಾರಿಯಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ನನ್ನ ಆಫೀಸು. ಬೇಸಿಗೆಯ ಒಂದು ಬೆಳಿಗ್ಗೆ ಸಿರುಗುಪ್ಪದ ಅಕ್ಕಿ ಗಿರಣಿಯ ಯಜಮಾನರೊಬ್ಬರು ಬಂದು ಕೂತರು. ಎಪ್ಪತ್ತು ದಾಟಿದ ಮನುಷ್ಯ. ಕಾಲುವೆಗೆ ನೀರು ಬಂದ ಹೊಸತರಲ್ಲಿ ಪರರ ಅಂಗಡಿಯಲ್ಲಿ ಭತ್ತ ತೂಗುವ ಕೆಲಸಕ್ಕಿದ್ದು, ಆಮೇಲೆ ಸ್ವಂತ ಗಿರಣಿ ಹಾಕಿದವರು. ಆಸ್ತಿಯೆಲ್ಲ ಅವರೇ ಗಳಿಸಿದ್ದು, ಪಿತ್ರಾರ್ಜಿತದ್ದು ಒಂದು ಗುಂಟೆಯೂ ಇಲ್ಲ. ಹೆಂಡತಿ ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯವನು ಲಾರಿ ಅಪಘಾತದಲ್ಲಿ ಹೋಗಿದ್ದ, ಅವನಿಗೆ ಮಕ್ಕಳಿಲ್ಲ. ಅವನ ಹೆಂಡತಿ ನಮ್ಮ ಕುರುಗೋಡಿನ ಹುಡುಗಿ. ಅವಳ ಅಣ್ಣಂದಿರು ನನ್ನ ಜೊತೆ ಸಾಲೆ ಕಲಿತವರು. ಗಂಡ ಸತ್ತ ಮೇಲೆ ತವರಿಗೆ ಹೋಗಿ ಮೂಲೆ ಹಿಡಿಯುವುದು ಬಿಟ್ಟು ಗಿರಣಿಗೆ ಬಂದು ಕೂತಳು. ಗಾಡಿ ಇಳಿಸಿಕೊಳ್ಳುವುದು, ಹಮಾಲರಿಗೆ ಹೇಳುವುದು, ತವುಡಿನ ವ್ಯಾಪಾರ ಎಲ್ಲ ಅವಳದೇ. ಕಿರಿಯ ಮಗ ದೇಶನೂರು ಕಡೆ ಹೋಗಿ ಭತ್ತ ಖರೀದಿ ಮಾಡುತ್ತಿದ್ದ. ಖರೀದಿಗಿಂತ ಹೋಟೆಲಿನಲ್ಲಿ ಕೂರುವುದು ಹೆಚ್ಚು ಅಂತ ಯಜಮಾನರೇ ಹೇಳಿದರು.

“ಗಿರಣಿ ಇಬ್ರಿಗೂ ಸಮ ಹಂಚಬೇಕಪಾ. ಮತ್ತ ಆಕೀಗೊಂದು ಉಡಿಕಿ ಮಾಡಬೇಕು. ಎರಡೂ ನಾ ಇರೋದ್ರೊಳಗ ಆಗಬೇಕು” ಅಂದರು.

ಮನಸ್ಸಿನಲ್ಲೇ ಕೈಮುಗಿದೆ. ಸೊಸೆಗೆ ಅರ್ಧ ಆಸ್ತಿ ಕೊಟ್ಟು, ಮದುವೆಯನ್ನೂ ಮಾಡುವ ಮಾವ ನನ್ನ ವಕೀಲಿಯಲ್ಲಿ ಅವರೊಬ್ಬರೇ. ಹಾಗಂತ ಫೀ ಬಿಡಲಿಲ್ಲ. ಮುನ್ನೂರು ಅಂದೆ. ಮೂರು ಹಾಳೆಗೆ ಮುನ್ನೂರೇನು, ಹಾಳೆ ನಾ ತಂದು ಕೊಡುತ್ತೇನೆ ಅಂತ ನೂರಕ್ಕೆ ಹಿಡಿದು ಕೂತರು. ಹಾಳೆಗಲ್ಲ ಯಜಮಾನರೇ, ಹಾಳೆಯ ಮೇಲೆ ಏನು ಬರೆಯಬಾರದು ಅಂತ ಗೊತ್ತಿರುವುದಕ್ಕೆ ಅಂದೆ. ಇನ್ನೂರಕ್ಕೆ ಕುದುರಿತು.

ಗೊತ್ತಿರಬೇಕಾದ ಮುಖ್ಯ ವಿಷಯ ಇದು. ಮಾವ ಏನೂ ಬರೆದಿಡದೆ ಸತ್ತರೆ, ಸತ್ತ ಮಗನ ಹೆಂಡತಿಗೆ ಕಾಯ್ದೆ ಪ್ರಕಾರ ಗಂಡನ ಪಾಲು ಬರುತ್ತದೆ. ಇಲ್ಲಿ ಅದು ಅರ್ಧ. ಆದರೆ ಮಾವ ಸಾಯುವ ದಿನ ಅವಳು ಮತ್ತೆ ಮದುವೆಯಾಗಿದ್ದರೆ ಏನೂ ಇಲ್ಲ. ಹಿಂದಿನ ದಿನ ಸಂಜೆ ಉಡಿಕೆ ಆಗಿದ್ದರೂ ಇಲ್ಲ. ಎಲ್ಲ ಮೈದುನನಿಗೆ. ಈ ಕಾಯ್ದೆ ಬರೆದವರ ಮನೆಯಲ್ಲಿ ಯಾರಿಗೂ ಉಡಿಕೆ ಆಗಿರಲಿಕ್ಕಿಲ್ಲ. ಇದರಿಂದ ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ, ಮಾವ ಬದುಕಿರುವಾಗಲೇ ತನ್ನ ನಂತರ ಯಾರಿಗೆ ಏನು ಅಂತ ವೀಲುನಾಮ ಬರೆಯಬೇಕು.

ಬರೆದೆ. ‘ನನ್ನ ಹಿರಿ ಸೊಸೆ’ ಅಂತಷ್ಟೇ ಬರೆಯಲಿಲ್ಲ. ಅವಳ ಹೆಸರು, ತಂದೆ ಹೆಸರು, ಊರು ಎಲ್ಲ ಹಾಕಿದೆ. ಮುಂದೆ ಅವಳು ಯಾರನ್ನು ಮದುವೆಯಾದರೂ ಈ ಹಕ್ಕಿಗೆ ಬಾಧೆಯಿಲ್ಲ ಅಂತ ಒಂದು ಸಾಲು ಸೇರಿಸಿದೆ. ಗಿರಣಿ ಇಬ್ಬರಿಗೂ ಸಮ, ಒಬ್ಬರು ಮಾರುವುದಾದರೆ ಮೊದಲು ಇನ್ನೊಬ್ಬರನ್ನೇ ಕೇಳಬೇಕು. ಮನೆ ಕಿರಿಮಗನಿಗೆ. ಸೊಸೆಗೆ ಯಾಕೆ ಕೊಡುತ್ತಿದ್ದೇನೆ ಅನ್ನುವ ಕಾರಣವನ್ನೂ ಅವರ ಮಾತಲ್ಲೇ ಬರೆಸಿದೆ. ಕಾರಣ ಇಲ್ಲದ ವೀಲುನಾಮವನ್ನು ಕೋರ್ಟು ಅನುಮಾನದಿಂದಲೇ ನೋಡುತ್ತದೆ.

ಓದಿ ಹೇಳಿದೆ. ಎಲ್ಲ ಸರಿ ಅಂದರು. ಸಹಿ ಮಾಡಿ ಅಂತ ಪೆನ್ನು ಕೊಟ್ಟರೆ ಕೈ ಹಿಂದಕ್ಕೆ ತೆಗೆದುಕೊಂಡರು.

“ಉಡಿಕಿ ಆಗ್ಲಿ. ಆಮ್ಯಾಲೆ ಮಾಡ್ತೀನಿ.”

“ಯಜಮಾನ್ರೇ, ಅದು ಹಿಂದ ಮುಂದ ಆಗೋ ಹಂಗಿಲ್ರಿ. ಈಗಷ್ಟೇ ಹೇಳಿದ್ನೆಲ್ರಿ.”

“ಮದಿವಿ ನಡಿಯೋ ಮನ್ಯಾಗ ಸಾವಿನ ಕಾಗದ ಬರೀತಾರೇನಪಾ? ಆ ಕೂಸು ಒಂದು ಸಲ ಸಾವು ಕಂಡೈತಿ, ಸಾಕು.”

ಒಂದು ತಾಸು ಕಾದಾಡಿದೆ. ಸಹಿ ಮಾಡಿದವರೆಲ್ಲ ಸಾಯುವುದಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ದಿನಾ ಹೆಣ ಬೀಳಬೇಕಿತ್ತು ಅಂದೆ. ನಕ್ಕರು, ಕೇಳಲಿಲ್ಲ. ಬಾದನಹಟ್ಟಿಯಲ್ಲಿ ಒಂದು ಗಂಡು ನೋಡಿದ್ದೇನೆ, ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಅವನಿಗೂ ಹೆಂಡತಿ ತೀರಿದ್ದಾಳೆ, ಮಳೆಗಾಲ ಕಳೆದ ಮೇಲೆ ಉಡಿಕೆ, ಅದರ ಮರುದಿನವೇ ಬಂದು ಸಹಿ ಹಾಕುತ್ತೇನೆ ಅಂದರು. ಅಲ್ಲಿಯವರೆಗೆ ಈ ವಿಷಯ ಸೊಸೆಗೂ ಹೇಳಬಾರದು ಅಂತ ಮಾತು ತೆಗೆದುಕೊಂಡು ಹೋದರು. ನನಗೆ ಅವರ ಮೇಲಿರುವಷ್ಟು ಸಿಟ್ಟು ಅವರ ಮಗನ ಮೇಲೂ ಇಲ್ಲ. ಮಗ ಕೆಟ್ಟವನು, ಅವನ ಕೆಲಸ ಅವನು ಮಾಡಿದ. ಇವರು ಒಳ್ಳೆಯವರು, ಇವರ ಕೆಲಸ ಇವರು ಮಾಡಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಯಜಮಾನರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ತೊದಲಾಯಿತು. ನೋಡಲು ಹೋದರೆ ಕಿರಿಮಗ ಬಾಗಿಲಲ್ಲೇ ತಡೆದ. ಡಾಕ್ಟರು ಯಾರನ್ನೂ ಮಾತಾಡಿಸಬೇಡಿ ಅಂದಿದ್ದಾರಂತೆ. ಚಹಾ ಕೊಟ್ಟು, ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದು ಹತ್ತಿಸಿ ಹೋದ. ಅಷ್ಟು ಮರ್ಯಾದೆ ಅವನು ನನಗೆ ಯಾವತ್ತೂ ಕೊಟ್ಟವನಲ್ಲ. ಮೈಯೆಲ್ಲ ಉರಿಯಿತು, ಆದರೆ ಯಾಕೆ ಅಂತ ಆ ದಿನ ಪೂರ್ತಿ ಹೊಳೆಯಲಿಲ್ಲ.

ಹೊಳೆದದ್ದು ಆಮೇಲೆ. ಗಿರಣಿಯ ಲಾರಿ ಡ್ರೈವರ್ ತವುಡು ಹೇರಿಕೊಂಡು ಬಳ್ಳಾರಿಗೆ ಬಂದವನು ನನ್ನ ಆಫೀಸಿಗೂ ಬಂದ. ನಾಳೆ ದೀಪ ಹಚ್ಚುವ ಹೊತ್ತಿಗೆ ಕುರುಗೋಡಿನ ತವರುಮನೆಯಲ್ಲಿ ಉಡಿಕೆ ಇದೆ, ಅಣ್ಣಾರು ತಪ್ಪದೆ ಬರಬೇಕು ಅಂತ ಸೊಸೆ ಹೇಳಿ ಕಳಿಸಿದ್ದಾಳೆ ಅಂದ. ಇಷ್ಟು ಬೇಗ ಯಾಕೆ ಅಂತ ಕೇಳಿದೆ. ಸಣ್ಣ ಧಣಿಗಳದೇ ಅವಸರ, ಅಪ್ಪ ಇರುವಾಗಲೇ ಆಗಲಿ ಅಂತ ಖರ್ಚೆಲ್ಲ ತಾವೇ ಹಾಕಿದ್ದಾರೆ, ಸೀರೆ ತಾವೇ ತಂದಿದ್ದಾರೆ, ಮೈದುನ ಅಂದರೆ ಹೀಗಿರಬೇಕು ಅಂತ ಊರೆಲ್ಲ ಹೊಗಳುತ್ತಿದೆ ಅಂದ.

ಖರ್ಚು ಅವನದು. ಆ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲ ತಿಳಿಯಿತು. ಕರಿ ಕೋಟು ಹಾಕಿದವನೇ ಯಾರೋ ಅವನಿಗೆ ಈ ಕಾಯ್ದೆ ಓದಿ ಹೇಳಿದ್ದಾನೆ. ಅಪ್ಪ ಇನ್ನೆಷ್ಟು ದಿನವೋ, ಅಷ್ಟರೊಳಗೆ ಅತ್ತಿಗೆಗೆ ಸೀರೆ ಉಡಿಸಿಬಿಟ್ಟರೆ ಗಿರಣಿ ಪೂರ್ತಿ ತನಗೆ, ಮೇಲೆ ಪುಣ್ಯ ಬೇರೆ. ಗುದ್ದಲಿ ಹಿಡಿದು ಬರುವ ಕಳ್ಳನನ್ನು ಊರು ಹಿಡಿಯುತ್ತದೆ. ಅರಿಶಿನ ಕುಂಕುಮ ಹಿಡಿದು ಬರುವವನಿಗೆ ಯಾರು ಏನು ಅಂದಾರು?

ನನ್ನ ಕಕ್ಷಿದಾರ ಯಜಮಾನರು, ಸೊಸೆಯಲ್ಲ. ಸೊಸೆಗೆ ಹೇಳಬೇಡ ಅಂತ ಅವರಿಗೆ ಮಾತು ಕೊಟ್ಟಿದ್ದೆ. ಕಕ್ಷಿದಾರನ ಗುಟ್ಟು ಬಿಡಬಾರದು ಅನ್ನುವುದು ನಮ್ಮ ವೃತ್ತಿಯ ಮೊದಲ ಪಾಠ. ಆದರೆ ಆ ಗುಟ್ಟು ಕಾಯ್ದರೆ ಅವರ ಆಸೆಯೇ ಮಣ್ಣುಪಾಲು. ಮರುದಿನ ಬಸ್ಸಿನಲ್ಲಿ ಕುರುಗೋಡು ಮುಟ್ಟುವವರೆಗೆ ಇದನ್ನೇ ತಿರುವಿ ಹಾಕಿ, ಇಳಿಯುವ ಹೊತ್ತಿಗೆ ತೀರ್ಮಾನ ಮಾಡಿದೆ. ಮಾತು ಮುರಿಯುವುದೇ ಸರಿ.

ಮನೆ ತುಂಬ ಜನ. ಪಡಸಾಲೆಯಲ್ಲಿ ಹಿರಿಯರು, ಬಾದನಹಟ್ಟಿಯ ಗಂಡಿನ ಕಡೆಯವರು, ನಡುವೆ ಓಡಾಡುತ್ತಿದ್ದ ಮೈದುನ. ಸೊಸೆಯ ಅಣ್ಣನ ಹೆಂಡತಿಗೆ ಹೇಳಿ, ಸೊಸೆಯನ್ನು ಅಡುಗೆಮನೆಯ ಹಿಂದಕ್ಕೆ ಕರೆಸಿದೆ. ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ್ದರು, ಕೂದಲು ಇನ್ನೂ ಹಸಿ. ಸುತ್ತಿ ಬಳಸಿ ಹೇಳಲು ಹೊತ್ತಿರಲಿಲ್ಲ.

“ತಂಗೀ, ಇವತ್ತು ಆ ಸೀರಿ ಉಟ್ಟಿ ಅಂದ್ರ ಗಿರಣಿ ಬಿಟ್ಟಿ ಅಂತ ತಿಳ್ಕೊ. ನಿಮ್ಮ ಮಾವ ವೀಲುನಾಮ ಬರಿಸ್ಯಾರ, ಸಹಿ ಆಗಿಲ್ಲ.”

ಕಾಯ್ದೆಯನ್ನು ನಾಲ್ಕು ಮಾತಲ್ಲಿ ಹೇಳಿದೆ. ಅವಳು ಅಳಲಿಲ್ಲ. ಒದ್ದೆ ಕೂದಲು ಹಿಂಡುತ್ತಾ ನಿಂತು ಕೇಳಿದಳು.

“ಬ್ಯಾಡಂದ್ರ ಅವ್ರು ನಿಲ್ತಾರೇನಣ್ಣಾ? ಗಂಡ ಸತ್ತಾಕಿಗೆ ಗಂಡು ದಾರ್ಯಾಗ ಬಿದ್ದಿರತಾವೇನು?”

“ನಿಲ್ತಾರೋ ಇಲ್ಲೋ ನಾ ಹೇಳಂಗಿಲ್ಲವ್ವಾ. ಗಿರಣಿ ಹೋದ್ರ ತಿರುಗಿ ಬರಂಗಿಲ್ಲ, ಅದೊಂದು ಹೇಳ್ತೀನಿ.”

ಹಿಂಡಿದ ಕೂದಲು ಗಂಟು ಹಾಕಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಪಡಸಾಲೆಯ ಬಾಗಿಲಿಗೆ ಹೋದಳು. ನಮ್ಮ ಮಾವಾರು ಹಾಸಿಗೆ ಹಿಡಿದಿದ್ದಾರೆ, ಅವರು ತಲೆ ಮೇಲೆ ಕೈ ಇಟ್ಟು ಹೋಗು ಅನ್ನುವವರೆಗೆ ನಾನು ಉಡಿಕೆಗೆ ಕೂರುವುದಿಲ್ಲ, ಎಂಟು ದಿನ ತಡೆಯಿರಿ ಅಂದಳು. ಹೆಚ್ಚಿಗೆ ಒಂದು ಮಾತಿಲ್ಲ.

ಆಮೇಲಿನ ಗದ್ದಲ ಕೇಳಬೇಡಿ. ಮೈದುನ ಮೊದಲು ಮೆತ್ತಗೆ ಹೇಳಿದ, ಆಮೇಲೆ ಕೈಮುಗಿದ, ಆಮೇಲೆ ನನ್ನ ಕಡೆ ತಿರುಗಿದ.

“ಮನ್ಯಾಗ ದೀಪ ಹಚ್ಚೋ ಹೊತ್ನ್ಯಾಗ ಬಂದು ಆರ್ಸಿದ್ರೆಲ್ರಿ ವಕೀಲ್ರ. ಎಷ್ಟು ಕೊಟ್ಟಾಳ್ರಿ ನಿಮಗ?”

ಅವನ ಕೊರಳಪಟ್ಟಿ ಹಿಡಿದು, ನೀನು ಎಷ್ಟು ಹೊಡೆಯಲಿಕ್ಕೆ ನಿಂತಿದ್ದೀಯೋ ಅದನ್ನು ಹೇಳಲೇ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ವೀಲುನಾಮ ಇದೆ ಅಂತ ಅವನಿಗೆ ಗೊತ್ತಾದರೆ ಆ ರಾತ್ರಿಯೇ ಯಜಮಾನರ ಹೆಬ್ಬೆರಳು ಯಾವುದೋ ಖಾಲಿ ಕಾಗದದ ಮೇಲೆ ಇಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ಊರವರ ಬೈಗುಳ ತಿಂದೆ. ಅವಳ ದೊಡ್ಡಣ್ಣ, ನನ್ನ ಪಕ್ಕದಲ್ಲೇ ಕೂತು ಸಾಲೆ ಕಲಿತವನು, ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಅಂದ. ತುಳಿದಿಲ್ಲ.

ಮರುದಿನ ಆಫೀಸು ತೆಗೆಯುವ ಮೊದಲೇ ಬಾದನಹಟ್ಟಿಯ ಗಂಡು ಬಂದು ಕಟ್ಟೆಯ ಮೇಲೆ ಕೂತಿದ್ದ. ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಹೊಡೆಯಲಿಕ್ಕೇ ಬಂದಿದ್ದಾನೆ ಅಂದುಕೊಂಡೆ. ಒಳಗೆ ಕೂರಿಸಿ, ಏನೂ ಮುಚ್ಚಿಡದೆ ಎಲ್ಲ ಹೇಳಿದೆ.

“ನಾನೇನ್ ಗಿರಣಿ ಮದಿವಿ ಆಗಾಕ ಬಂದೀನೇನ್ರಿ?” ಅಂದ.

“ಇಲ್ಲಪಾ. ಆದ್ರ ಆಕಿ ಗಿರಣಿ ಕಳಕೊಂಡು ಮದಿವಿ ಆಗಬೇಕಂತ ನೀನೂ ಅಂದಿಲ್ಲಲ್ಲ?”

ಗ್ರೀಸಿನ ಕೈ ನೋಡಿಕೊಳ್ಳುತ್ತಾ ಕೂತ. ಎಷ್ಟು ದಿನ ಆಗುತ್ತದೆ ಅಂತ ಕೇಳಿದ. ಎಂಟು ದಿನ, ಹೆಚ್ಚೆಂದರೆ ಹತ್ತು ಅಂದೆ.

“ನಮ್ಮವ್ವ ನಿನ್ನೆಯಿಂದ ನನ್ ಕೂಡ ಮಾತು ಬಿಟ್ಟಾಳ. ಇನ್ನೊಂದು ಎಂಟು ದಿನ ಬಿಡ್ಲಿ. ಮನ್ಯಾಗ ತಣ್ಣಗಿರತೈತಿ” ಅಂದು ಎದ್ದ.

ಆ ಇಡೀ ವ್ಯವಹಾರದಲ್ಲಿ ನನಗೆ ಸಿಟ್ಟು ಬರದ ಮನುಷ್ಯ ಅವನೊಬ್ಬ.

ಮುಂದಿನದು ಓಡಾಟ. ಹಾಸಿಗೆ ಹಿಡಿದವರು ಆಫೀಸಿಗೆ ಬರಲಾಗದಿದ್ದರೆ ಸಬ್ ರಿಜಿಸ್ಟ್ರಾರರೇ ಮನೆಗೆ ಬಂದು ನೋಂದಣಿ ಮಾಡಬಹುದು. ಅದಕ್ಕೆ ಅರ್ಜಿ, ಡಾಕ್ಟರ ಸರ್ಟಿಫಿಕೇಟು, ಫೀಸು, ಅವರು ಬಂದು ಹೋಗಲು ವಾಹನ ಬೇಕು. ಗುಮಾಸ್ತ ಅರ್ಜಿ ನೋಡಿ, ಹಬ್ಬ ಕಳೆಯಲಿ ಅಂದ. ಮನುಷ್ಯ ಉಳಿದರೆ ತಾನೇ ಹಬ್ಬ ಅಂದೆ. ಸ್ಟಾಂಪು ಕಾಗದದಲ್ಲಿ ಬರೆದಿಲ್ಲ ಅಂತ ತಕರಾರು ತೆಗೆದ. ವೀಲುನಾಮಕ್ಕೆ ಸ್ಟಾಂಪು ಕಾಗದ ಬೇಕಿಲ್ಲ ಅಂತ ಅವನಿಗೆ ನಾನು ಕಲಿಸಬೇಕಾಯಿತು. ಕೊನೆಗೆ ಸಾಹೇಬರ ಮುಂದೆಯೇ ಹೋಗಿ ಕೂತೆ, ದಿನ ಗೊತ್ತುಮಾಡಿಸಿಕೊಂಡೇ ಎದ್ದೆ. ಸಾಕ್ಷಿಗೆ ಸರ್ಕಾರಿ ಡಾಕ್ಟರನ್ನೂ, ಈ ಮನೆಗೆ ಸಂಬಂಧವಿಲ್ಲದ ಒಬ್ಬ ನಿವೃತ್ತ ಹೆಡ್‌ಮಾಸ್ತರನ್ನೂ ಒಪ್ಪಿಸಿದೆ.

ಗೊತ್ತಾದ ದಿನ ಬಾಡಿಗೆ ಕಾರಿನಲ್ಲಿ ನಾವು ನಾಲ್ವರೂ ಹೋದರೆ ಮನೆಗೆ ಬೀಗ. ಪಕ್ಕದವರು ಹೇಳಿದರು, ಲಕ್ವಾಕ್ಕೆ ನಾಟಿ ಔಷಧ ಕೊಡಿಸಲು ಮಗ ಹಚ್ಚೊಳ್ಳಿಯ ನೆಂಟರ ಮನೆಗೆ ಕರೆದುಕೊಂಡು ಹೋಗಿದ್ದಾನೆ, ಹಿರಿ ಸೊಸೆಯೂ ಟ್ರ್ಯಾಕ್ಟರ್ ಹತ್ತಿ ಹಿಂದೆಯೇ ಹೋಗಿದ್ದಾಳೆ. ನಾವು ಬರುವ ಸುದ್ದಿ ಸಬ್ ರಿಜಿಸ್ಟ್ರಾರ್ ಆಫೀಸಿನಿಂದಲೇ ಸೋರಿತ್ತು, ಬೇರೆ ದಾರಿಯೇ ಇಲ್ಲ. ಸಬ್ ರಿಜಿಸ್ಟ್ರಾರರು ಗಡಿಯಾರ ನೋಡಿ ವಾಪಸ್ ಹೋಗೋಣ ಅಂದರು.

“ಸಾಹೇಬ್ರ, ಹಚ್ಚೊಳ್ಳಿನೂ ನಿಮ್ಮ ತಾಲೂಕೇ ಐತಿ. ಕಾರು ನಂದು, ಊಟ ನಂದು. ನೀವು ಕುಂತ್ರ ಸಾಕು” ಅಂದೆ.

ಕೂತರು. ದಾರಿಯುದ್ದ ನನಗೊಂದೇ ಹೆದರಿಕೆ. ಅಲ್ಲಿಂದ ಇನ್ನಷ್ಟು ಮುಂದೆ ಹೋದರೆ ಆಂಧ್ರ. ಗಡಿ ದಾಟಿಸಿದ್ದರೆ ಈ ಸಾಹೇಬರ ಅಧಿಕಾರ ಅಲ್ಲಿ ನಡೆಯುತ್ತಿರಲಿಲ್ಲ. ದೇವರ ದಯೆ, ಅವನಿಗೆ ಕಾಯ್ದೆ ಕಲಿಸಿದವನು ಇಷ್ಟನ್ನು ಕಲಿಸಿರಲಿಲ್ಲ.

ಯಜಮಾನರು ಪಡಸಾಲೆಯಲ್ಲಿ ಮಲಗಿದ್ದರು. ಮಗ ತಲೆದೆಸೆಗೆ, ಸೊಸೆ ಕಾಲದೆಸೆಗೆ. ಡಾಕ್ಟರು ಇಬ್ಬರನ್ನೂ ಹೊರಗೆ ಕಳಿಸಿದರು. ಮಗ, ಅಪ್ಪನಿಗೆ ತಿಳಿವಳಿಕೆಯೇ ಇಲ್ಲ, ಯಾರು ಕೇಳಿದರೂ ಹೂಂ ಅನ್ನುತ್ತಾರೆ ಅಂತ ಬಾಗಿಲಾಚೆಯಿಂದ ಕೂಗುತ್ತಲೇ ಇದ್ದ.

ಸಬ್ ರಿಜಿಸ್ಟ್ರಾರರು ಹುಷಾರು ಮನುಷ್ಯ. ಹೌದು ಅನ್ನಿಸುವ ಪ್ರಶ್ನೆ ಮೊದಲು ಕೇಳಲೇ ಇಲ್ಲ. “ಗಿರಣಿ ಪೂರಾ ಮಗನಿಗೆ ಬರೀಲೇನ್ರಿ?” ಅಂದರು. ಯಜಮಾನರು ಇಲ್ಲ ಅಂತ ತಲೆ ಆಡಿಸಿದರು. “ಹಂಗಾರ ಪೂರಾ ಸೊಸಿಗೆ?” ಮತ್ತೆ ಇಲ್ಲ. “ಇಬ್ರಿಗೂ ಅರ್ಧ ಅರ್ಧ?” ಹೂಂ ಅಂತ ತಲೆ ಬಗ್ಗಿತು. ಆಕೆ ಮುಂದೆ ಮದುವೆಯಾದರೆ ವಾಪಸ್ ತೆಗೆದುಕೊಳ್ಳೋಣವೇ ಅಂತ ಕೇಳಿದಾಗ ಮಾತ್ರ ಯಜಮಾನರ ಮುಖ ಕೆಂಪಾಯಿತು. ಸರಿಯಿದ್ದ ಎಡಗೈ ಎತ್ತಿ ಹಾಸಿಗೆಗೆ ಬಡಿದರು. ಡಾಕ್ಟರು ಸಾಕು ಅಂದರು.

ಇಡೀ ವೀಲುನಾಮ ಓದಿ ಹೇಳಿದೆ. ಎಡಗೈ ಹೆಬ್ಬೆಟ್ಟು ಒತ್ತಿಸಿದೆವು. ಸಾಕ್ಷಿಗಳು ಅವರ ಕಣ್ಣೆದುರಿಗೇ ಸಹಿ ಹಾಕಿದರು. ಮಸಿ ಒರೆಸುವಾಗ ಯಜಮಾನರು ನನ್ನ ಕೈ ಹಿಡಿದು ಏನೋ ತೊದಲಿದರು. ಮೂರು ಸಲ ಕೇಳಿದ ಮೇಲೆ ತಿಳಿಯಿತು.

“ಸೀರಿ... ಈಗ ಉಡಸ್ರಿ.”

ಇದೇ ಮಾತನ್ನು ಆ ಬೇಸಿಗೆಯಲ್ಲಿ ನನ್ನ ಆಫೀಸಿನಲ್ಲಿ ಕೂತು ಪೆನ್ನು ಹಿಡಿದು ಹೇಳಿದ್ದರೆ ಏನಾಗುತ್ತಿತ್ತು? ಅಂದು ಹೇಳಲಾಗದ್ದಕ್ಕೆ ಇಂದು ಇಷ್ಟು ಜನ ಬೆವರು ಸುರಿಸಬೇಕಾಯಿತು. ಅವರ ಕೈ ಬಿಡಿಸಿಕೊಂಡು ಹೊರಗೆ ಬಂದೆ. ಬಂದ ಸಿಟ್ಟಿಗೆ ಅಲ್ಲೇ ನಿಂತಿದ್ದರೆ ರೋಗಿಯನ್ನು ಬೈದುಬಿಡುತ್ತಿದ್ದೆ.

ಉಡಿಕೆ ಮುಂದಿನ ವಾರ ಕುರುಗೋಡಿನಲ್ಲೇ ಆಯಿತು. ನನ್ನನ್ನು ಕರೆಯಲಿಲ್ಲ. ಯಜಮಾನರು ಆ ಸಂಕ್ರಾಂತಿ ನೋಡಲಿಲ್ಲ. ಅವರು ಹೋದ ಮೇಲೆ ಮಗ, ಅಪ್ಪನಿಗೆ ಬುದ್ಧಿ ಸ್ಥಿಮಿತವಿರಲಿಲ್ಲ ಅಂತ ದಾವೆ ಹಾಕಿದ. ಡಾಕ್ಟರು ಕಟಕಟೆ ಹತ್ತಿ ಆ ನಾಲ್ಕು ಪ್ರಶ್ನೆ, ನಾಲ್ಕು ಉತ್ತರ ಹೇಳಿದ ಮೇಲೆ ಅವನ ವಕೀಲರೇ ರಾಜಿ ಮಾಡಿಕೋ ಅಂದರು. ಗಿರಣಿ ಇಬ್ಬರದೂ ಆಗಿ ಉಳಿಯಿತು. ಅತ್ತಿಗೆ ಮೈದುನ ಮಾತಾಡುವುದಿಲ್ಲ. ಬೆಳಿಗ್ಗೆ ಅವಳು, ಮಧ್ಯಾಹ್ನದ ಮೇಲೆ ಅವನು. ಬೆಳಿಗ್ಗೆಯೇ ಗಾಡಿಗಳು ಹೆಚ್ಚು ಬರುತ್ತವೆ ಅಂತ ಕೇಳಿದ್ದೇನೆ.

ಇನ್ನು ನಿಮಗೆ ಹೇಳುವುದು. ಗಳಿಸಿದ್ದು ನಿಮ್ಮದೇ ಆಗಿದ್ದರೆ, ಎದ್ದು ಓಡಾಡುವಾಗಲೇ ಬರೆಯಿರಿ. ಬಿಳಿ ಹಾಳೆ ಸಾಕು, ಸ್ಟಾಂಪು ಕಾಗದದ ಖರ್ಚು ಬೇಡ. ನೋಂದಣಿ ಮಾಡಿಸಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ, ನಾನು ಹೇಳುತ್ತೇನೆ, ಮಾಡಿಸಿ. ಇಬ್ಬರು ಸಾಕ್ಷಿಗಳ ಕಣ್ಣೆದುರು ಸಹಿಯಾಗಲಿ. ಅವರು ನಿಮಗಿಂತ ಚಿಕ್ಕವರಿರಲಿ, ನಿಮ್ಮ ಆಸ್ತಿಯಲ್ಲಿ ಒಂದು ಕಾಸೂ ಬರದವರಿರಲಿ. ವಯಸ್ಸಾಗಿದ್ದರೆ ಒಬ್ಬರು ಡಾಕ್ಟರಾದರೆ ಒಳ್ಳೆಯದು. ಆಸ್ತಿ ಪಡೆಯುವವರನ್ನು ಆ ಹೊತ್ತು ಕೋಣೆಯಿಂದ ಆಚೆ ಕಳಿಸಿ, ಅವರು ಎಷ್ಟೇ ಒಳ್ಳೆಯವರಾದರೂ. ಹೆಣ್ಣುಮಗಳಿಗೆ ಕೊಡುವುದಾದರೆ ಅವಳ ಸ್ವಂತ ಹೆಸರು ಬರೆಸಿ, ಯಾರ ಹೆಂಡತಿ ಅನ್ನುವುದು ನಾಳೆ ಬದಲಾಗಬಹುದು. ಫೀ ಬಗ್ಗೆ ಚೌಕಾಸಿ ಮಾಡಿ, ನಾನೂ ಮಾಡುತ್ತೇನೆ, ತಪ್ಪಿಲ್ಲ. ದಿನದ ಬಗ್ಗೆ ಮಾತ್ರ ಮಾಡಬೇಡಿ.

ಮತ್ತೊಂದು. ನಿಮ್ಮ ಮನೆಯಲ್ಲಿ ಯಾವತ್ತೂ ಕೈ ಬಿಚ್ಚದವನು ಒಂದು ಒಳ್ಳೆಯ ಕೆಲಸಕ್ಕೆ ತಾನೇ ಖರ್ಚು ಹಾಕಿ ಅವಸರ ಮಾಡಿದರೆ, ಅವನನ್ನು ಹೊಗಳುವ ಮೊದಲು ಒಬ್ಬ ವಕೀಲನ ಹತ್ತಿರ ಹೋಗಿ ಬನ್ನಿ. ಅವನು ಹೋಗಿ ಬಂದ ವಕೀಲನ ಹತ್ತಿರ ಅಲ್ಲ, ಬೇರೆಯವನ ಹತ್ತಿರ.